ಬಟ್ಟಲಲ್ಲಿ ನೊಣ ಸಾಯುತ್ತಿವೆ, ಅಡುಗೆಮನೆಯಲ್ಲಿ ಮಾತ್ರ ಕಡಿಮೆಯಾಗುತ್ತಿಲ್ಲ

ಪ್ರಶ್ನೆ: ಮೂರು ವಾರದಿಂದ ನಮ್ಮ ಅಡುಗೆಮನೆಯಲ್ಲಿ ಸಣ್ಣ ಹಣ್ಣಿನ ನೊಣಗಳ ಕಾಟ. ಹಣ್ಣಿನ ಬುಟ್ಟಿ ಖಾಲಿ ಮಾಡಿದೆ, ಸಿಂಕಿಗೆ ಕುದಿಯುವ ನೀರು ಸುರಿದೆ, ಬಟ್ಟಲಿನಲ್ಲಿ ವಿನೆಗರ್ ಇಟ್ಟೆ. ದಿನಕ್ಕೆ ಇಪ್ಪತ್ತು ಮೂವತ್ತು ಬಿದ್ದು ಸಾಯುತ್ತವೆ, ಮರುದಿನ ಮತ್ತೆ ಅಷ್ಟೇ ಹಾರಾಡುತ್ತಿರುತ್ತವೆ. ಕಿಟಕಿಗೆ ಜಾಲರಿಯೂ ಇದೆ. ಹಾಗಾದರೆ ಇವು ಎಲ್ಲಿಂದ ಬರುತ್ತಿವೆ? ಮನೆಯಲ್ಲಿ ಒಂದು ವರ್ಷದ ಮಗು ಇರುವುದರಿಂದ ಕೀಟನಾಶಕ ಸಿಂಪಡಿಸಲು ಭಯ. ಇವು ಕುಳಿತೆದ್ದ ಹಣ್ಣನ್ನು ಮಗುವಿಗೆ ಕೊಡಬಹುದೇ?

ಉತ್ತರ: ಮೊದಲೇ ಒಂದು ವಿಷಯ ಒಪ್ಪಿಕೊಂಡುಬಿಡುತ್ತೇನೆ. ನೀವು ಓಡಿಸಲು ಹೆಣಗುತ್ತಿರುವ ಈ ನೊಣವನ್ನು ಸಾಕಿ ಸಲಹುವುದೇ ಹಲವು ವರ್ಷ ನನ್ನ ಕೆಲಸವಾಗಿತ್ತು. ತಳಿಶಾಸ್ತ್ರದ ಪ್ರಯೋಗಾಲಯದಲ್ಲಿ ಸಾಲು ಸಾಲು ಗಾಜಿನ ಸೀಸೆಗಳು. ಪ್ರತಿಯೊಂದರ ತಳದಲ್ಲಿ ಮೆಕ್ಕೆಜೋಳದ ಹಿಟ್ಟು, ಸಕ್ಕರೆ, ಯೀಸ್ಟ್, ಗಟ್ಟಿಯಾಗಲೆಂದು ಅಗರ್ ಎಂಬ ಕಡಲಪಾಚಿಯ ಅಂಟು ಸೇರಿಸಿ ಕಾಯಿಸಿದ ಎರಡು ಬೆರಳಿನಷ್ಟು ಗಂಜಿ. ಬಾಯಿಗೆ ಹತ್ತಿಯ ಬಿರಡೆ. ಕೋಣೆಯ ಉಷ್ಣತೆ 25 ಡಿಗ್ರಿ ಸೆಲ್ಸಿಯಸ್. ಹೊಸ ಸೀಸೆಗೆ ನಾಲ್ಕಾರು ಜೋಡಿ ನೊಣ ಬಿಟ್ಟು ಕಪಾಟಿನಲ್ಲಿಟ್ಟರೆ ಆಯಿತು, ಹತ್ತು ಹನ್ನೆರಡು ದಿನಕ್ಕೆ ಸೀಸೆ ತುಂಬ ಸಂಸಾರ. ಹೀಗಾಗಿ ಈ ಪ್ರಾಣಿಗೆ ಏನು ಬೇಕು ಎಂಬುದು ನನಗೆ ಚೆನ್ನಾಗಿ ಗೊತ್ತು: ಹುಳಿತು ಮೆತ್ತಗಾದ ತೇವ, ಅದರಲ್ಲಿ ಬೆಳೆದ ಯೀಸ್ಟ್, ಬೆಚ್ಚನೆಯ ಗಾಳಿ, ಮತ್ತು ಹತ್ತು ದಿನ ಯಾರೂ ಕೈಹಾಕದ ಜಾಗ. ನಿಮ್ಮ ಅಡುಗೆಮನೆಯಲ್ಲಿ ಅಂಥ ಒಂದು ಸೀಸೆ ಎಲ್ಲೋ ಇದೆ. ಅದು ಗಾಜಿನದಲ್ಲ, ಅಷ್ಟೆ.

ನಿಮ್ಮ ಪತ್ರದಲ್ಲೇ ಅದಕ್ಕೆ ಸಾಕ್ಷಿ ಇದೆ. ದಿನಕ್ಕೆ ಇಪ್ಪತ್ತು ಮೂವತ್ತು ಸಾಯುತ್ತವೆ, ಆದರೂ ಹಾರಾಡುವವು ಅಷ್ಟೇ ಎಂದಿದ್ದೀರಿ. ಅಂದರೆ ದಿನಕ್ಕೆ ಹೆಚ್ಚುಕಡಿಮೆ ಅಷ್ಟೇ ಹೊಸ ನೊಣಗಳು ಎಲ್ಲಿಂದಲೋ ಹೊರಬರುತ್ತಿವೆ. ತೂತಾದ ದೋಣಿಯಿಂದ ನೀರು ಮೊಗೆದು ಹೊರಚೆಲ್ಲುವ ಕೆಲಸವನ್ನು ನೀವು ಶ್ರದ್ಧೆಯಿಂದ ಮಾಡುತ್ತಿದ್ದೀರಿ. ತೂತು ಮಾತ್ರ ಹಾಗೆಯೇ ಇದೆ.

ತೂತು ಹುಡುಕುವ ಮೊದಲು ಒಂದು ಪರೀಕ್ಷೆ ಆಗಬೇಕು: ನೀವು ನೋಡುತ್ತಿರುವುದು ನಿಜವಾಗಿಯೂ ಹಣ್ಣಿನ ನೊಣವೇ? ನನಗೆ ಬರುವ ಇಂಥ ಪ್ರಶ್ನೆಗಳಲ್ಲಿ ಹಲವಕ್ಕೆ ಉತ್ತರ ಇಲ್ಲಿಯೇ ಮುಗಿದುಹೋಗುತ್ತದೆ. ಬಟ್ಟಲಿಗೆ ಈಗಷ್ಟೇ ಬಿದ್ದ ಒಂದನ್ನು ಬಿಳಿ ಕಾಗದದ ಮೇಲೆ ತೆಗೆದಿಟ್ಟು ಭೂತಗನ್ನಡಿ ಹಿಡಿಯಿರಿ. ಮೊಬೈಲಿನ ಕ್ಯಾಮೆರಾದಲ್ಲಿ ಹಿಗ್ಗಿಸಿ ನೋಡಿದರೂ ಸಾಕು. ಉದ್ದ ಹೆಚ್ಚೆಂದರೆ ಮೂರು ಮಿಲಿಮೀಟರ್, ಮೈ ಕಂದುಹಳದಿ, ಹೊಟ್ಟೆಯ ಮೇಲೆ ಕಪ್ಪು ಪಟ್ಟೆಗಳು, ಇಟ್ಟಿಗೆಯಂಥ ಕೆಂಪು ಕಣ್ಣು. ಗಂಡಿನ ಹೊಟ್ಟೆಯ ತುದಿ ಮಸಿ ಬಳಿದಂತೆ ಕಪ್ಪಾಗಿರುತ್ತದೆ. 1830ರಲ್ಲಿ ಜರ್ಮನಿಯ ಕೀಟತಜ್ಞ ಯೋಹಾನ್ ಮೈಗೆನ್ ಇದಕ್ಕೆ ‘ಮೆಲನೊಗ್ಯಾಸ್ಟರ್’, ಅಂದರೆ ಕರಿಹೊಟ್ಟೆಯದು ಎಂದು ಹೆಸರಿಟ್ಟಿದ್ದು ಸುಮ್ಮನೆ ಅಲ್ಲ. ‘ಡ್ರೊಸೊಫಿಲಾ’ ಎಂಬ ಕುಲನಾಮದ ಅರ್ಥ ಇನ್ನೂ ಚೆಂದ, ಇಬ್ಬನಿಪ್ರಿಯೆ. ಸತ್ತು ಒಣಗಿದ ನೊಣದ ಕಣ್ಣು ಮಾಸಿ ಕಪ್ಪಾಗುತ್ತದೆ, ಆದ್ದರಿಂದ ಹೊಸದಾಗಿ ಬಿದ್ದದ್ದನ್ನೇ ನೋಡಬೇಕು.

ಮೈತುಂಬ ರೋಮವಿದ್ದು, ಪುಟ್ಟ ಪತಂಗದಂತೆ ಅಗಲ ರೆಕ್ಕೆ ಹರಡಿಕೊಂಡು ಸಿಂಕಿನ ಹಿಂದಿನ ಗೋಡೆಗೆ ಅಂಟಿ ಕುಳಿತಿದ್ದರೆ ಅದು ಮೋರಿ ನೊಣ. ಅದಕ್ಕೆ ಹಣ್ಣು ಬೇಡ, ಕೊಳವೆಯ ಲೋಳೆ ಬೇಕು. ಕರ್ರಗೆ ಬಡಕಲಾಗಿದ್ದು, ಸೊಳ್ಳೆಯಂತೆ ನೀಳ ಕಾಲುಗಳಿದ್ದು, ಕಿಟಕಿಯ ಗಾಜಿನ ಮೇಲೆ ಹತ್ತಿಳಿಯುತ್ತಿದ್ದರೆ ಅದು ಹೂಕುಂಡದ ಒದ್ದೆ ಮಣ್ಣಿನಲ್ಲಿ ಹುಟ್ಟುವ ನೊರಜು. ಅದಕ್ಕೆ ವಿನೆಗರ್ ಇಟ್ಟು ಪ್ರಯೋಜನವಿಲ್ಲ. ಗಿಡಕ್ಕೆ ನೀರು ಕಡಿಮೆ ಮಾಡಿ, ಮೇಲಿನ ಒಂದೆರಡು ಅಂಗುಲ ಮಣ್ಣು ಒಣಗಲು ಬಿಟ್ಟರೆ ತಾನೇ ನಿಲ್ಲುತ್ತದೆ. ಬೆನ್ನು ಗೂನಾಗಿದ್ದು, ಹಾರುವುದಕ್ಕಿಂತ ಹೆಚ್ಚಾಗಿ ಅಡ್ಡಾದಿಡ್ಡಿ ಓಡುವ ಜಾತಿಯೊಂದಿದೆ. ಅದು ಕಂಡರೆ ನೆಲದಡಿಯ ಕೊಳವೆ ಒಡೆದಿರಬಹುದು, ಕೊಳಾಯಿ ಕೆಲಸದವರನ್ನು ಕರೆಯಬೇಕಾಗುತ್ತದೆ. ನಿಮ್ಮದು ವಿನೆಗರ್ ಬಟ್ಟಲಿಗೆ ಸಾಲುಗಟ್ಟಿ ಬೀಳುತ್ತಿರುವುದರಿಂದ ಹಣ್ಣಿನ ನೊಣವೇ ಇರಬೇಕು ಎಂದುಕೊಂಡು ಮುಂದುವರಿಯುತ್ತೇನೆ.

ಎಲ್ಲಿಂದ ಬರುತ್ತವೆ ಎಂದು ಕೇಳಿದ್ದೀರಿ. ನೊಣ ತಾನಾಗಿ ಹುಟ್ಟುವುದಿಲ್ಲ ಎಂಬುದನ್ನು ಇಟಲಿಯ ಫ್ರಾನ್ಸೆಸ್ಕೊ ರೆಡಿ 1668ರಲ್ಲೇ ತೋರಿಸಿಕೊಟ್ಟ. ಬಟ್ಟೆ ಕಟ್ಟಿ ಮುಚ್ಚಿದ ಪಾತ್ರೆಯ ಮಾಂಸದಲ್ಲಿ ಹುಳ ಆಗಲಿಲ್ಲ, ತೆರೆದಿಟ್ಟದ್ದರಲ್ಲಿ ಆಯಿತು. ಆದರೂ ಅಡುಗೆಮನೆಯಲ್ಲಿ ಈ ನೊಣವನ್ನು ಕಂಡಾಗ ನಮಗೆಲ್ಲ ಅದು ಗಾಳಿಯಿಂದಲೇ ಮೂಡಿತು ಎನ್ನಿಸುತ್ತದೆ. ಕಾರಣ ಎರಡು. ಒಂದು, ಸೊಳ್ಳೆಗೆಂದು ಹಾಕಿಸಿದ ಜಾಲರಿಯ ಕಣ್ಣುಗಳಲ್ಲಿ ಇದು ನುಸುಳಬಲ್ಲದು. ಇನ್ನೊಂದು, ಅದು ಹೆಚ್ಚಾಗಿ ನಿಮ್ಮ ಕೈಯಲ್ಲೇ ಒಳಗೆ ಬಂದಿರುತ್ತದೆ. ಮಾಗಿದ ಹಣ್ಣಿನ ತೊಟ್ಟಿನ ಬುಡ, ಸಿಪ್ಪೆ ಸೀಳಿದ ಗೆರೆ, ಪೆಟ್ಟು ಬಿದ್ದು ಮೆತ್ತಗಾದ ಕಲೆ, ಇಂಥ ಕಡೆ ಇಟ್ಟ ಮೊಟ್ಟೆಯ ಉದ್ದ ಅರ್ಧ ಮಿಲಿಮೀಟರ್. ಬರಿಗಣ್ಣಿಗೆ ಅದು ಉಪ್ಪಿನ ಪುಡಿಯ ಒಂದು ಕಣ. ಹಣ್ಣು ತಂದವರಿಗೆ ಕಾಣುವುದಿಲ್ಲ, ಮಾರಿದವರಿಗೂ ಕಂಡಿರುವುದಿಲ್ಲ.

ಆ ಮೊಟ್ಟೆ 25 ಡಿಗ್ರಿಯಲ್ಲಿ ಒಂದೇ ದಿನಕ್ಕೆ ಒಡೆಯುತ್ತದೆ. ಹೊರಬಂದ ಬಿಳಿ ಹುಳು ನಾಲ್ಕೈದು ದಿನ ತಿಂದದ್ದೇ ತಿಂದದ್ದು, ಎರಡು ಸಲ ಪೊರೆ ಬಿಡುತ್ತದೆ. ಇನ್ನು ನಾಲ್ಕು ದಿನ ಕಂದು ಕೋಶದೊಳಗೆ. ಹತ್ತನೆಯ ದಿನದ ಸುಮಾರಿಗೆ ನೊಣ ಹೊರಗೆ. ಹೊರಬಂದ ಎಂಟು ಹನ್ನೆರಡು ಗಂಟೆಗಳಲ್ಲಿ ಹೆಣ್ಣು ಕೂಡಲು ಸಿದ್ಧ. ಒಂದು ಸಲ ಕೂಡಿದರೆ ವೀರ್ಯವನ್ನು ಮೈಯೊಳಗೆ ಕೂಡಿಟ್ಟುಕೊಂಡು ದಿನಗಟ್ಟಲೆ ಮೊಟ್ಟೆ ಇಡುತ್ತಲೇ ಹೋಗಬಲ್ಲದು. ಜೀವಮಾನದಲ್ಲಿ ಸುಮಾರು ನಾನೂರು ಮೊಟ್ಟೆ. ಅದರಲ್ಲಿ ಅರ್ಧ ಹೆಣ್ಣು ಎಂದುಕೊಂಡರೆ ಇನ್ನೂರು ತಾಯಂದಿರು, ಅವುಗಳ ಮರಿಗಳೆಲ್ಲ ಬದುಕಿದರೆ ಎಂಬತ್ತು ಸಾವಿರ. ಎಲ್ಲವೂ ಬದುಕುವುದಿಲ್ಲ, ಇದು ಕಾಗದದ ಮೇಲಿನ ಲೆಕ್ಕ. ಆದರೆ ಒಂದೇ ಒಂದು ಹೆಣ್ಣು ತಪ್ಪಿಸಿಕೊಂಡರೂ ಸಂಸಾರ ಮತ್ತೆ ಏಕೆ ಬೆಳೆದುನಿಲ್ಲುತ್ತದೆ ಎಂಬುದನ್ನು ತಿಳಿಯಲು ಈ ಲೆಕ್ಕ ಬೇಕು. ಥಂಡಿಯಿದ್ದರೆ ಎಲ್ಲವೂ ನಿಧಾನ. 18 ಡಿಗ್ರಿಯಲ್ಲಿ ಇದೇ ಪಯಣಕ್ಕೆ ಹತ್ತಿರ ಹತ್ತಿರ ಇಮ್ಮಡಿ ಕಾಲ ಬೇಕು. ಫ್ರಿಜ್ಜಿನ 4 ಡಿಗ್ರಿಯಲ್ಲಿ ಬೆಳವಣಿಗೆ ನಿಂತೇಹೋಗುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ, ಹುಡುಕಾಟಕ್ಕೆ ಅದೇ ಬೆಳಕು. ಹಣ್ಣಿನ ನೊಣ ಎಂಬ ಹೆಸರು ನಮ್ಮ ದಾರಿ ತಪ್ಪಿಸುತ್ತದೆ. ಇದರ ನಿಜವಾದ ಆಹಾರ ಹಣ್ಣಿಗಿಂತ ಹೆಚ್ಚಾಗಿ ಹಣ್ಣನ್ನು ಹುಳಿಸುವ ಯೀಸ್ಟ್. ಹುಳು ತಿನ್ನುವುದು ಯೀಸ್ಟ್ ಬೆರೆತ ಕೊಳೆತ ತಿರುಳನ್ನು. ದೂರದಿಂದ ನೊಣದ ಮೂಗಿಗೆ ಬಡಿಯುವುದೂ ಹುಳಿಯುವಾಗ ಹೊಮ್ಮುವ ಮದ್ಯಸಾರ, ಅಸಿಟಿಕ್ ಆಮ್ಲ, ಎಸ್ಟರುಗಳೆಂಬ ಹಣ್ಣಿನ ಕಂಪಿನ ರಾಸಾಯನಿಕಗಳ ವಾಸನೆ. ಮೂಗು ಎಂದರೆ ತಲೆಯ ಮೇಲಿನ ಮೀಸೆ, ಅದರ ಘ್ರಾಣ ಬಹುಮಟ್ಟಿಗೆ ಮೀಸೆಯಲ್ಲಿ. ಹಾಗಾಗಿ ಹಣ್ಣಿನ ಬುಟ್ಟಿ ಖಾಲಿ ಮಾಡಿದರೆ ಕೆಲಸ ಅರ್ಧ ಮಾತ್ರ ಆದಂತೆ. ಸಿಹಿಯೋ ಪಿಷ್ಟವೋ ಇದ್ದು, ಒದ್ದೆಯಾಗಿದ್ದು, ಹುಳಿ ಹಿಡಿದಿರುವ ಯಾವುದೇ ಜಾಗ ಅದಕ್ಕೆ ಹಣ್ಣೇ.

ನನ್ನ ಮನೆಯದೇ ಒಂದು ಪ್ರಸಂಗ ಹೇಳುತ್ತೇನೆ. ಪ್ರಯೋಗಾಲಯದ ದಿನಗಳಲ್ಲೇ ಒಮ್ಮೆ ನಮ್ಮ ಅಡುಗೆಮನೆ ತುಂಬ ನೊಣ ಎದ್ದವು. ನಾನೇ ಅಂಗಿಯ ಜೇಬಿನಲ್ಲಿ ತಂದು ಬಿಟ್ಟಿದ್ದೇನೆ ಎಂದು ಮನೆಯವರ ಗುಮಾನಿ. ಅದೃಷ್ಟಕ್ಕೆ ಆಗ ನಾನು ಸಾಕುತ್ತಿದ್ದದ್ದು ಬಿಳಿಗಣ್ಣಿನ ತಳಿ. ಕೊಲಂಬಿಯಾ ವಿಶ್ವವಿದ್ಯಾಲಯದ ಥಾಮಸ್ ಹಂಟ್ ಮಾರ್ಗನ್ 1910ರಲ್ಲಿ ಕೆಂಗಣ್ಣಿನ ನೊಣಗಳ ನಡುವೆ ಕಂಡ ಒಂದೇ ಒಂದು ಬಿಳಿಗಣ್ಣಿನ ಗಂಡಿನಿಂದ ಪ್ರಸಿದ್ಧವಾದ ತಳಿ ಅದು. ಅನುವಂಶೀಯತೆಯಲ್ಲಿ ಗುಣಸೂತ್ರಗಳ ಪಾತ್ರವನ್ನು ತೋರಿಸಿಕೊಟ್ಟದ್ದಕ್ಕೆ ಮಾರ್ಗನ್‌ಗೆ 1933ರಲ್ಲಿ ನೊಬೆಲ್ ಬಂತು. ನನಗೆ ಬಂದದ್ದು ಇಷ್ಟೇ: ಅಡುಗೆಮನೆಯಲ್ಲಿ ನಲವತ್ತು ನೊಣ ಹಿಡಿದು ಎಣಿಸಿ, ಒಂದಕ್ಕೂ ಬಿಳಿಗಣ್ಣಿಲ್ಲ ಎಂದು ತೋರಿಸಿ, ಆರೋಪದಿಂದ ಬಿಡುಗಡೆ.

ಆದರೆ ಮೂಲ ಸಿಗಲು ಎರಡು ವಾರ ಹಿಡಿಯಿತು. ಹಣ್ಣಿರಲಿಲ್ಲ, ಸಿಂಕು ಸ್ವಚ್ಛ, ಕಸದ ಬುಟ್ಟಿಯನ್ನು ದಿನವೂ ತೊಳೆಯುತ್ತಿದ್ದೆವು. ಕೊನೆಗೆ ಒಂದು ಬೆಳಿಗ್ಗೆ ಆ ಬುಟ್ಟಿಯ ಮುಚ್ಚಳವನ್ನು ಬೆಳಕಿಗೆ ತಿರುಗಿಸಿ ಹಿಡಿದೆ. ಮುಚ್ಚಳದ ಅಂಚು ಒಳಕ್ಕೆ ಮಡಚಿಕೊಂಡಿತ್ತು. ಬೆರಳು ಹೋಗದ, ಬ್ರಶ್ಶೂ ಹೋಗದ ಆ ಸಣ್ಣ ಕಾಲುವೆಯಲ್ಲಿ ತಿಂಗಳುಗಟ್ಟಲೆ ಹನಿ ಹನಿಯಾಗಿ ಸೇರಿದ ರಸ ಕಂದು ಬೆಲ್ಲದ ಪಾಕದಂತೆ ನಿಂತಿತ್ತು. ಅದರಲ್ಲಿ ಬಿಳಿ ಹುಳುಗಳು ಬಾಯಿಯ ಕರಿಕೊಕ್ಕೆ ಆಡಿಸುತ್ತ ಮೇಯುತ್ತಿದ್ದವು. ಸ್ವಲ್ಪ ಮೇಲೆ ಒಣಗಿದ ಪ್ಲಾಸ್ಟಿಕ್ಕಿನ ಮೇಲೆ ಗೋಧಿಬಣ್ಣದ ಕೋಶಗಳು ಸಾಲಾಗಿ ಅಂಟಿದ್ದವು. ಕೆಲವು ಬರಿದು, ಕೆಲವು ತುಂಬಿದವು. ತುಂಬಿದವುಗಳ ಗೋಡೆಯೊಳಗಿಂದ ಎರಡು ಕೆಂಪು ಚುಕ್ಕೆ ಕಾಣುತ್ತಿತ್ತು. ಮರುದಿನ ಹಾರಬೇಕಾದವುಗಳ ಕಣ್ಣು. ಪ್ರಯೋಗಾಲಯದ ಸೀಸೆಗಿಂತ ಒಂದು ಕೈ ಮೇಲಾಗಿತ್ತು ಆ ವ್ಯವಸ್ಥೆ.

ಈ ಕೋಶಗಳ ವಿಷಯ ನೆನಪಿಡಿ. ಬೆಳೆದ ಹುಳು ತಿನ್ನುವುದನ್ನು ನಿಲ್ಲಿಸಿ, ಒದ್ದೆಯಿಂದ ಹೊರಗೆ ತೆವಳಿ, ಒಣ ಜಾಗ ಹುಡುಕಿ ಕೋಶ ಕಟ್ಟುತ್ತದೆ. ಆದ್ದರಿಂದ ಗೋಡೆಯ ಮೇಲೋ ಬುಟ್ಟಿಯ ಹೊರಮೈ ಮೇಲೋ ಕಪಾಟಿನ ಮೂಲೆಯಲ್ಲೋ ಮೂರು ಮಿಲಿಮೀಟರಿನ ಕಂದು ಕಾಳುಗಳು ಅಂಟಿರುವುದು ಕಂಡರೆ, ಅವುಗಳಿಂದ ಒಂದು ಗೇಣು ಎರಡು ಗೇಣಿನೊಳಗೆ ಮೂಲವಿದೆ ಎಂದು ತಿಳಿಯಿರಿ. ಹಾರುವ ನೊಣವನ್ನು ಹಿಂಬಾಲಿಸುವುದಕ್ಕಿಂತ ಈ ಕಾಳುಗಳನ್ನು ಹುಡುಕುವುದು ಎಷ್ಟೋ ಜಾಣತನ.

ನಿಮ್ಮ ಮನೆಯಲ್ಲಿ ಎಲ್ಲೆಲ್ಲಿ ನೋಡಬೇಕು? ಈರುಳ್ಳಿ, ಆಲೂಗಡ್ಡೆ ಇಡುವ ಬುಟ್ಟಿಯನ್ನು ಪೂರ್ತಿ ಸುರಿದು ನೋಡಿ, ಮೇಲಿನಿಂದ ಇಣುಕಿದರೆ ಸಾಲದು. ತಳದಲ್ಲಿ ನೀರೊಡೆದ ಒಂದೇ ಆಲೂಗಡ್ಡೆ ಸಾಕು, ಅದರ ಮೇಲಿರುವ ಹತ್ತು ಗಟ್ಟಿಯಾಗಿಯೇ ಇರುತ್ತವೆ. ಬುಟ್ಟಿಯಿಂದ ಉರುಳಿ ಕಪಾಟಿನ ಹಿಂದೆ, ಒಲೆಯ ಕೆಳಗೆ ಸೇರಿದ್ದೂ ಇರಬಹುದು. ಮಿಕ್ಸಿ ಜಾರಿನ ಬ್ಲೇಡಿನ ಕೆಳಗಿನ ರಬ್ಬರ್ ಬಳೆಯನ್ನು ಬಿಚ್ಚಿ. ತೊಳೆದಿಟ್ಟಿದ್ದೇವೆ ಎಂದುಕೊಳ್ಳುವ ಪಾತ್ರೆಗಳಲ್ಲಿ ನಮಗೆ ಅತಿ ಹೆಚ್ಚು ಮೋಸ ಮಾಡುವುದು ಇದೇ. ಮಿಕ್ಸಿಯ ಬುಡದಲ್ಲಿ ಜಾರು ಕೂರುವ ಗುಳಿಯನ್ನೂ ನೋಡಿ, ರಸ ಸೋರಿ ಅಲ್ಲಿ ಅಂಟಾಗಿರುತ್ತದೆ. ಫ್ರಿಜ್ಜಿನ ಹಿಂಬದಿಯ ಕೆಳಗೆ ನೀರು ಶೇಖರವಾಗುವ ತಟ್ಟೆಯೊಂದು ಇರುತ್ತದೆ, ಅನೇಕರಿಗೆ ಅದು ಇರುವುದೇ ಗೊತ್ತಿಲ್ಲ. ಫ್ರಿಜ್ಜಿನ ಬಾಗಿಲಿನ ರಬ್ಬರ್ ಮಡಿಕೆ ಇನ್ನೊಂದು. ಹಿಂಡದೆ ಮೂಲೆಗೆ ಎಸೆದ ನೆಲ ಒರೆಸುವ ಬಟ್ಟೆ, ಸದಾ ಒದ್ದೆಯಾಗಿಯೇ ಇರುವ ಪಾತ್ರೆ ತೊಳೆಯುವ ಸ್ಪಂಜು, ಮಾರಲೆಂದು ಕೂಡಿಟ್ಟ ಖಾಲಿ ತಂಪು ಪಾನೀಯದ ಬಾಟಲಿ ಮತ್ತು ಡಬ್ಬಿಗಳ ತಳದ ಒಂದು ಚಮಚ ಉಳಿಕೆ, ಗೊಬ್ಬರಕ್ಕೆಂದು ಸಿಪ್ಪೆ ಕೂಡಿಡುವ ಡಬ್ಬ, ಇವೆಲ್ಲ ಪಟ್ಟಿಯಲ್ಲಿವೆ. ಮನೆಯಲ್ಲಿ ಮಗುವಿದೆ ಎಂದಿರಿ. ಹಾಗಾದರೆ ಮಗು ಕೂರುವ ಎತ್ತರದ ಕುರ್ಚಿಯ ಆಸನದ ಸಂದು ಮತ್ತು ಪಟ್ಟಿಗಳನ್ನು ಇವತ್ತೇ ಬಿಚ್ಚಿ ತೊಳೆಯಿರಿ. ಸೋಫಾದ ಮೆತ್ತೆಗಳ ನಡುವೆ ಕೈಹಾಕಿ. ಬಾಳೆಹಣ್ಣಿನ ಅರ್ಧ ತುಂಡನ್ನು ಮಕ್ಕಳು ಎಲ್ಲಿ ಬೇಕಾದರೂ ಬಚ್ಚಿಡಬಲ್ಲರು.

ಒಂದು ಜಾಗದ ಮೇಲೆ ಅನುಮಾನ ಬಂದು, ಖಚಿತವಾಗದಿದ್ದರೆ ಅದರ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಚೀಲ ಕವುಚಿ, ಅಂಚನ್ನು ಟೇಪಿನಿಂದ ಅಂಟಿಸಿ ಒಂದೆರಡು ದಿನ ಬಿಡಿ. ಒಳಗಿನಿಂದ ನೊಣ ಎದ್ದು ಚೀಲದ ಮೇಲ್ಭಾಗಕ್ಕೆ ಹತ್ತಿದ್ದರೆ ಸಿಕ್ಕಿತು. ಮೇಲ್ಭಾಗಕ್ಕೇ ಏಕೆ ಎಂದರೆ, ಗಾಬರಿಯಾದ ಹಣ್ಣಿನ ನೊಣ ಯಾವಾಗಲೂ ಮೇಲಕ್ಕೆ ಮತ್ತು ಬೆಳಕಿನ ಕಡೆಗೆ ಹೋಗುತ್ತದೆ. ಸೀಸೆ ಬದಲಿಸುವಾಗ ನಾವು ಇದೇ ಗುಣವನ್ನು ಬಳಸುತ್ತಿದ್ದೆವು: ಸೀಸೆಯ ತಳವನ್ನು ಮೆತ್ತೆಯ ಮೇಲೆ ಒಮ್ಮೆ ಕುಟ್ಟಿದರೆ ಎಲ್ಲವೂ ಕೆಳಗೆ ಬೀಳುತ್ತವೆ, ಮೇಲೆ ಹೊಸ ಸೀಸೆಯನ್ನು ತಲೆಕೆಳಗಾಗಿ ಹಿಡಿದರೆ ತಾವಾಗಿ ಹತ್ತಿ ಅದಕ್ಕೆ ಸೇರುತ್ತವೆ. ನೀವು ನೊಣ ಮುತ್ತಿದ ಬಟ್ಟಲನ್ನೋ ಕಸದ ಡಬ್ಬವನ್ನೋ ಎತ್ತುವಾಗಲೂ ಮೇಲಿನಿಂದ ಚೀಲ ಕವುಚಿಯೇ ಎತ್ತಿ. ಸುಮ್ಮನೆ ಎತ್ತಿದರೆ ಎಲ್ಲವೂ ಎದ್ದು ಮನೆ ತುಂಬ ಹರಡುತ್ತವೆ. ರಾತ್ರಿ ದೀಪ ಆರಿಸಿ ಸ್ವಲ್ಪ ಹೊತ್ತಾದ ಮೇಲೆ ಈ ಕೆಲಸ ಇನ್ನೂ ಸಲೀಸು. ಕತ್ತಲಲ್ಲಿ ಅವು ಕೂತಲ್ಲೇ ಕೂತಿರುತ್ತವೆ. ಅವುಗಳ ಕಣ್ಣಿಗೆ ಕಡುಗೆಂಪು ಬಣ್ಣ ಸರಿಯಾಗಿ ಕಾಣುವುದಿಲ್ಲ, ಆದ್ದರಿಂದ ಕೆಂಪು ಬೆಳಕಿನ ಟಾರ್ಚ್ ಇದ್ದರೆ ಕಳ್ಳಹೆಜ್ಜೆಯಲ್ಲಿ ಹೋಗಿ ಮುಚ್ಚಬಹುದು. ಚೀಲದ ಬಾಯಿ ಬಿಗಿದು ಎರಡು ದಿನ ಫ್ರೀಜರಿನಲ್ಲಿಟ್ಟರೆ ಮೊಟ್ಟೆ, ಹುಳು, ಕೋಶ, ನೊಣ ಎಲ್ಲವೂ ಮುಗಿಯುತ್ತವೆ. ಅದಕ್ಕೆ ಮನಸ್ಸೊಪ್ಪದಿದ್ದರೆ ಕೂಡಲೇ ಮನೆಯ ಹೊರಗಿನ ಕಸಕ್ಕೆ ಹಾಕಿ, ‘ನಾಳೆ ಬೆಳಿಗ್ಗೆ’ ಎಂದು ಒಳಗೆ ಇಡಬೇಡಿ.

ಇನ್ನು ಸಿಂಕು. ಕುದಿಯುವ ನೀರು ಸುರಿದೆ ಎಂದಿದ್ದೀರಿ. ಅದರಿಂದ ಹೆಚ್ಚೇನೂ ಆಗಿರಲಾರದು. ಕೊಳವೆಯ ಒಳಗೋಡೆಗೆ ಅಂಟಿದ ಲೋಳೆ ದಪ್ಪಗಿರುತ್ತದೆ, ನೀರು ಅದರ ಮೇಲೆ ಜಾರಿ ಎರಡೇ ಕ್ಷಣದಲ್ಲಿ ಕೆಳಗೆ ಹೋಗುತ್ತದೆ. ಪ್ಲಾಸ್ಟಿಕ್ ಕೊಳವೆಯ ಜೋಡಣೆಗಳಿಗೆ ಪದೇ ಪದೇ ಕುದಿನೀರು ಒಳ್ಳೆಯದೂ ಅಲ್ಲ. ಅಡಿಗೆ ಸೋಡಾ ಹಾಕಿ ಮೇಲೆ ವಿನೆಗರ್ ಸುರಿಯುವ ಉಪಾಯ ಎಲ್ಲರ ಬಾಯಲ್ಲೂ ಇದೆ. ನನಗೆ ಅದರ ಮೇಲೆ ಸ್ವಲ್ಪವೂ ಗೌರವವಿಲ್ಲ. ಬುಸಬುಸನೆ ನೊರೆ ಬರುತ್ತದೆ, ಏನೋ ಆಗುತ್ತಿದೆ ಎನ್ನಿಸುತ್ತದೆ. ಆದರೆ ಅಲ್ಲಿ ಆಗುವುದು ಕ್ಷಾರವೂ ಆಮ್ಲವೂ ಒಂದನ್ನೊಂದು ತಟಸ್ಥಗೊಳಿಸಿ, ಇಂಗಾಲದ ಡೈಆಕ್ಸೈಡ್ ಹೋಗಿ, ಉಪ್ಪುನೀರಿನಂಥ ಸಪ್ಪೆ ದ್ರಾವಣ ಉಳಿಯುವುದು ಅಷ್ಟೆ. ವಿನೆಗರ್ ಹೆಚ್ಚಾಗಿ ಉಳಿದರೆ ಇನ್ನೂ ಚೆನ್ನಾಯಿತು, ನೊಣಗಳಿಗೆ ಆಮಂತ್ರಣ ಕೊಟ್ಟಂತೆ.

ಲೋಳೆಗೆ ಮದ್ದು ತಿಕ್ಕುವುದು. ಉದ್ದ ಹಿಡಿಯ ಸಣ್ಣ ಬ್ರಶ್ಶಿಗೆ ಪಾತ್ರೆ ತೊಳೆಯುವ ಸೋಪು ಹಚ್ಚಿ, ಸಿಂಕಿನ ಜಾಲರಿಯನ್ನು ತೆಗೆದು ಅದರ ಅಡಿಭಾಗವನ್ನೂ, ಕೊಳವೆಯ ಒಳಗೋಡೆಯನ್ನು ಕೈ ಎಟಕುವಷ್ಟು ದೂರವನ್ನೂ ತಿಕ್ಕಿ, ಬಿಸಿ ನೀರಿನಿಂದ ತೊಳೆಯಿರಿ. ಸಿಂಕಿನ ಅಂಚಿನ ಹತ್ತಿರ ಹೆಚ್ಚುವರಿ ನೀರು ಹೋಗಲೆಂದು ಇರುವ ರಂಧ್ರವನ್ನು ಯಾರೂ ಮುಟ್ಟುವುದಿಲ್ಲ, ಅದನ್ನೂ ತಿಕ್ಕಿ. ಆದರೆ ಇಷ್ಟು ಮೈಮುರಿಯುವ ಮೊದಲು ಸಿಂಕೇ ಅಪರಾಧಿಯೇ ಎಂದು ನೋಡಿಕೊಳ್ಳಬಹುದು. ರಾತ್ರಿ ಎಲ್ಲ ಕೆಲಸ ಮುಗಿದ ಮೇಲೆ ಸಿಂಕಿನ ಬಾಯಿಗೆ ಅಗಲ ಟೇಪನ್ನು ಅಂಟುಭಾಗ ಕೆಳಗಿರುವಂತೆ ಹಚ್ಚಿ, ಗಾಳಿಯಾಡಲು ಬದಿಯಲ್ಲಿ ಸ್ವಲ್ಪ ಜಾಗ ಬಿಡಿ. ಮೂರು ನಾಲ್ಕು ರಾತ್ರಿ ಹೀಗೆ ಮಾಡಿ. ಟೇಪಿಗೆ ಏನೂ ಅಂಟದಿದ್ದರೆ ಸಿಂಕನ್ನು ಬಿಟ್ಟು ಬೇರೆ ಕಡೆ ನೋಡಿ.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ, ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಸಿಂಕಿಗೆ ವಿನೆಗರ್ ಹಾಕಿದ ಮೇಲೆ ಬ್ಲೀಚ್ ಹಾಕುವುದು, ಬ್ಲೀಚ್ ಹಾಕಿದ ಮೇಲೆ ವಿನೆಗರ್ ಹಾಕುವುದು, ಎರಡೂ ಕೂಡದು. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಅಮೋನಿಯಾ ಇರುವ ಶುಚಿಕಾರಕದ ಜೊತೆಗೂ ಬ್ಲೀಚ್ ಬೆರೆಸಬಾರದು. ನೊಣ ಯಾರ ಪ್ರಾಣವನ್ನೂ ತೆಗೆಯುವುದಿಲ್ಲ, ಮುಚ್ಚಿದ ಅಡುಗೆಮನೆಯಲ್ಲಿ ಈ ಅನಿಲ ತೆಗೆಯಬಲ್ಲದು.

ನಿಮ್ಮ ವಿನೆಗರ್ ಬಟ್ಟಲಿಗೆ ಬರೋಣ. ಅದನ್ನು ಎಸೆಯಬೇಡಿ. ಮದ್ದಾಗಿ ಅದು ದುರ್ಬಲ, ಆದರೆ ಅಳತೆಗೋಲಾಗಿ ಬಹಳ ಉಪಯುಕ್ತ. ಬಿಳಿ ವಿನೆಗರಿಗಿಂತ ಸೇಬಿನ ವಿನೆಗರ್ ಉತ್ತಮ. ಬಿಳಿಯದರಲ್ಲಿ ಬರಿ ಆಮ್ಲದ ಘಾಟು, ಸೇಬಿನದರಲ್ಲಿ ಹುಳಿತ ಹಣ್ಣಿನ ಪರಿಮಳವೂ ಇರುತ್ತದೆ. ಗಾಜಿನ ಲೋಟದಲ್ಲಿ ಒಂದು ಬೆರಳು ಎತ್ತರ ಹಾಕಿ, ಪಾತ್ರೆ ತೊಳೆಯುವ ದ್ರವ ಸೋಪಿನ ಒಂದೆರಡು ಹನಿ ಸೇರಿಸಿ. ಸೋಪು ಏಕೆ ಬೇಕು ಎಂಬುದನ್ನು ನೀವೇ ನೋಡಬಹುದು. ಸೋಪಿಲ್ಲದ ಲೋಟದಲ್ಲಿ ನೊಣ ದ್ರವದ ಮೇಲ್ಮೈ ಮೇಲೆ ಕಾಲೂರಿ ನಿಂತು, ಕುಡಿದು, ಮೀಸೆ ಒರೆಸಿಕೊಂಡು ಹಾರಿಹೋಗುತ್ತದೆ. ದ್ರವದ ಮೇಲ್ಮೈ ಎಳೆತ ಅದರ ಭಾರವನ್ನು ಹೊರುತ್ತದೆ. ಸೋಪು ಆ ಎಳೆತವನ್ನು ಮುರಿಯುತ್ತದೆ, ಕಾಲಿಟ್ಟ ಕೂಡಲೇ ಮೈ ಒದ್ದೆಯಾಗಿ ಮುಳುಗುತ್ತದೆ. ಸೋಪು ಅತಿಯಾದರೆ ಅದರ ವಾಸನೆಯೇ ಮುಂದಾಗಿ ನೊಣ ಹತ್ತಿರ ಸುಳಿಯದು. ಕಲಕಬೇಡಿ, ನೊರೆ ಬೇಡ. ಲೋಟದ ಬಾಯಿಗೆ ಕಾಗದದ ಆಲಿಕೆ ಮಾಡಿ ಕೂರಿಸಿದರೆ ಒಳಗೆ ಹೋದದ್ದು ಹೊರಬರುವ ದಾರಿ ಹುಡುಕಲಾರದು. ಮಗುವಿನ ಕೈಗೆಟುಕದ ಎತ್ತರದಲ್ಲಿಡಿ.

ಇಡುವ ಹೊತ್ತೂ ಮುಖ್ಯ. ಈ ನೊಣ ಚುರುಕಾಗುವುದು ಬೆಳಗಾಗುವಾಗ ಮತ್ತು ಸಂಜೆಗತ್ತಲಿಗೆ ಮುಂಚೆ. ಮಧ್ಯಾಹ್ನ ಜೊಂಪು. ಜೀವಿಗಳ ಮೈಯೊಳಗಿನ ಗಡಿಯಾರ ಹೇಗೆ ನಡೆಯುತ್ತದೆ ಎಂಬುದನ್ನು ಇದೇ ನೊಣದ ಜೀನುಗಳಲ್ಲಿ ಹುಡುಕಿ ತೆಗೆದ ಹಾಲ್, ರೋಸ್‌ಬಾಶ್, ಯಂಗ್ ಎಂಬ ಮೂವರಿಗೆ 2017ರಲ್ಲಿ ನೊಬೆಲ್ ಬಂತು. ನಿಮಗೆ ಅದರಿಂದ ಆಗುವ ಲಾಭ: ಸಂಜೆ ನಾಲ್ಕಕ್ಕೆ ಹೊಸ ವಿನೆಗರ್ ಹಾಕಿಡಿ, ಬೇರೆಲ್ಲ ತಿನಿಸು ಮುಚ್ಚಿಡಿ, ಬೆಳಿಗ್ಗೆ ಎಂಟಕ್ಕೆ ಎಣಿಸಿ. ಆ ಸಂಖ್ಯೆಯನ್ನು ದಿನಾಂಕದ ಜೊತೆ ಒಂದು ಚೀಟಿಯಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ. ಚೀಟಿ ಸುಳ್ಳು ಹೇಳುವುದಿಲ್ಲ. ‘ಸ್ವಲ್ಪ ಕಡಿಮೆಯಾದ ಹಾಗಿದೆ’ ಎಂದು ನಮ್ಮ ಮನಸ್ಸು ಹೇಳುತ್ತದೆ.

ಸಿಂಪಡಿಸುವ ಕೀಟನಾಶಕದ ಬಗ್ಗೆ ನಿಮ್ಮ ಭಯ ಸರಿಯಾದದ್ದೇ. ಅದು ಹಾರಾಡುತ್ತಿರುವ ನೊಣವನ್ನು ಕೊಲ್ಲುತ್ತದೆ, ತಿರುಳಿನೊಳಗೆ ಹುದುಗಿದ ಹುಳುವಿನ ಹತ್ತಿರಕ್ಕೂ ಹೋಗುವುದಿಲ್ಲ. ಉಳಿದದ್ದು ನಿಮ್ಮ ತಟ್ಟೆ, ಪಾತ್ರೆ, ಅಡುಗೆಕಟ್ಟೆಯ ಮೇಲೆ ಕೂರುತ್ತದೆ. ಮಗುವಿರುವ ಮನೆಯ ಅಡುಗೆಕೋಣೆಯಲ್ಲಿ ಅದು ಬೇಡ. ಸುಗಂಧ ತೈಲದ ಹನಿ, ನಿಂಬೆಹೋಳಿಗೆ ಚುಚ್ಚಿದ ಲವಂಗ ಇತ್ಯಾದಿಗಳ ಮೇಲೆ ನನಗೆ ಭರವಸೆಯಿಲ್ಲ. ನಾಲ್ಕು ದಿನಕ್ಕೆ ಆ ನಿಂಬೆಹೋಳೇ ಹುಳಿಯುತ್ತದೆ, ಮುಂದಿನದನ್ನು ನೀವೇ ಊಹಿಸಿ. ತಕ್ಷಣಕ್ಕೆ ಸಂಖ್ಯೆ ತಗ್ಗಿಸಬೇಕೆಂದರೆ ಧೂಳು ಹೀರುವ ಯಂತ್ರದ ಕೊಳವೆ ಹಿಡಿದು ಗೋಡೆಯ ಮೇಲಿರುವವನ್ನು ಎಳೆದುಕೊಳ್ಳಿ, ಚೀಲವನ್ನು ಆಗಲೇ ಹೊರಗೆ ಖಾಲಿ ಮಾಡಿ. ಊಟದ ಮೇಜಿನ ಕಡೆಗೆ ಫ್ಯಾನ್ ತಿರುಗಿಸಿದರೆ ಇಷ್ಟು ಹಗುರ ನೊಣಕ್ಕೆ ಆ ಗಾಳಿಯಲ್ಲಿ ಇಳಿಯುವುದೇ ಕಷ್ಟ.

ಮಗುವಿಗೆ ಹಣ್ಣು ಕೊಡಬಹುದೇ ಎಂಬ ಪ್ರಶ್ನೆಗೆ: ಕೊಡಬಹುದು, ತೊಳೆದು ಕೊಡಿ. ಈ ನೊಣ ಕಚ್ಚುವುದಿಲ್ಲ. ಆದರೆ ಕಸದ ಬುಟ್ಟಿ, ಸಿಂಕು, ಹಣ್ಣು ಎಂಬ ಭೇದವಿಲ್ಲದೆ ಓಡಾಡುವುದರಿಂದ ಕಾಲಿಗೂ ಮೈಗೂ ಬ್ಯಾಕ್ಟೀರಿಯಾ ಅಂಟಿಸಿಕೊಂಡು ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟಿಸಬಲ್ಲದು. ಸಿಪ್ಪೆ ಗಟ್ಟಿಯಾಗಿರುವ ಇಡಿ ಹಣ್ಣನ್ನು ಹರಿಯುವ ನೀರಿನಲ್ಲಿ ಕೈಯಿಂದ ಉಜ್ಜಿ ತೊಳೆದು ಸುಲಿದು ಕೊಟ್ಟರೆ ಚಿಂತೆಯಿಲ್ಲ. ಹೆಚ್ಚಿ ತೆರೆದಿಟ್ಟು ಅದರ ಮೇಲೆ ನೊಣ ಕುಳಿತಿದ್ದರೆ ಮಗುವಿಗೆ ಬೇಡ, ಬಿಸಾಡಿ. ನಿಮಗೇ ಅರಿವಿಲ್ಲದೆ ಒಂದು ಮೊಟ್ಟೆಯೋ ಹುಳುವೋ ಹಣ್ಣಿನ ಜೊತೆ ಹೊಟ್ಟೆಗೆ ಹೋಗಿದ್ದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ, ಜೀರ್ಣವಾಗಿಹೋಗುತ್ತದೆ. ಅಂದಹಾಗೆ, ಗಟ್ಟಿ ಹಣ್ಣನ್ನು ಕೊಯ್ದಾಗ ತಿರುಳಿನ ನಡುವೆ ದಪ್ಪ ಬಿಳಿ ಹುಳುಗಳು ಕಂಡರೆ ಅದು ಈ ನೊಣದ ಕೆಲಸವಲ್ಲ. ಮರದಲ್ಲಿರುವಾಗಲೇ ಕಾಯಿಗೆ ಚುಚ್ಚಿ ಮೊಟ್ಟೆ ಇಡುವ ಬೇರೆ ಕುಟುಂಬದ ನೊಣವೊಂದಿದೆ, ಬೆಳೆಗಾರರು ಹಣ್ಣಿನ ನೊಣ ಎನ್ನುವುದು ಅದನ್ನೇ. ಅದು ನಿಮ್ಮ ಅಡುಗೆಮನೆಯಲ್ಲಿ ಸಂಸಾರ ಹೂಡುವುದಿಲ್ಲ.

ಹೊಸ ಹಣ್ಣು ತಂದ ದಿನವೇ ತೊಳೆದು, ಒರೆಸಿ, ಪೂರ್ತಿ ಒಣಗಿಸಿಡಿ. ತೊಟ್ಟಿನ ಸುತ್ತ ವಿಶೇಷವಾಗಿ ಉಜ್ಜಿ. ಮಾಗಿದ್ದು ಫ್ರಿಜ್ಜಿಗೆ ಹೋಗಲಿ. ಬಾಳೆಹಣ್ಣಿನ ಸಿಪ್ಪೆ ಅಲ್ಲಿ ಕಪ್ಪಾಗುತ್ತದೆ, ತಿರುಳಿಗೆ ಏನೂ ಆಗುವುದಿಲ್ಲ. ಹೊರಗಿಡಲೇಬೇಕಾದ್ದಕ್ಕೆ ಸೊಳ್ಳೆಯ ಜಾಲರಿ ಸಾಲದು, ಒತ್ತಾದ ನೇಯ್ಗೆಯ ತೆಳು ಬಟ್ಟೆ ಮುಚ್ಚಿ. ಕನಿಷ್ಠ ಎರಡು ವಾರ ಈ ಶಿಸ್ತು ಇರಲಿ, ಆಮೇಲೆ ಸ್ವಲ್ಪ ಸಡಿಲಿಸಬಹುದು.

ಇನ್ನು ಚೀಟಿಯ ಮೇಲೆ ಏನು ಕಾಣುತ್ತದೆ ಎಂದು ಹೇಳಿ ಮುಗಿಸುತ್ತೇನೆ. ಮೂಲ ಸಿಕ್ಕಿ ಎಸೆದ ದಿನವನ್ನು ಸೊನ್ನೆ ಎಂದು ಬರೆಯಿರಿ. ಮೊದಲ ನಾಲ್ಕೈದು ದಿನ ಸಂಖ್ಯೆ ಇಳಿಯದೇ ಇರಬಹುದು. ಒಣ ಮೂಲೆಗಳಿಗೆ ಆಗಲೇ ತೆವಳಿಹೋಗಿ ಕಟ್ಟಿಕೊಂಡ ಕೋಶಗಳಿಂದ ನೊಣ ಹೊರಬರುತ್ತಿರುತ್ತದೆ. ಅನೇಕರು ಇಲ್ಲಿ ಸೋತು ‘ಇದೂ ಆಗಲಿಲ್ಲ’ ಎಂದು ಕೈಬಿಡುತ್ತಾರೆ. ಆರನೆಯ ದಿನದಿಂದ ಇಳಿಯತೊಡಗಬೇಕು, ಹತ್ತರ ಹೊತ್ತಿಗೆ ಬೆಳಿಗ್ಗೆ ಎರಡೋ ಮೂರೋ. ಹಾಗೆ ಇಳಿದದ್ದು ಹನ್ನೊಂದು ಹನ್ನೆರಡನೆಯ ದಿನ ಮತ್ತೆ ಥಟ್ಟನೆ ಏರಿದರೆ, ಸೊನ್ನೆಯ ದಿನ ತಪ್ಪಿಸಿಕೊಂಡ ಹೆಣ್ಣೊಂದು ಬೇರೆಲ್ಲೋ ಮೊಟ್ಟೆ ಇಟ್ಟಿದೆ ಎಂದೇ ಅರ್ಥ. ಮಿಕ್ಸಿಯ ರಬ್ಬರ್ ಬಳೆ, ಮುಚ್ಚಳದ ಅಂಚು, ಮಗುವಿನ ಕುರ್ಚಿ, ಈ ಮೂರನ್ನು ಇನ್ನೊಮ್ಮೆ ನೋಡಿ. ಏರುವ ಬದಲು ಮೂರು ಬೆಳಿಗ್ಗೆ ಸತತವಾಗಿ ಸೊನ್ನೆ ಬಂದರೆ ಲೋಟದಲ್ಲಿರುವುದನ್ನು ಚೆಲ್ಲಿ, ತೊಳೆದು ಒಳಗಿಡಿ. ಗೆದ್ದೆವೆಂದು ಅದನ್ನು ಅಲ್ಲೇ ಮೂಲೆಯಲ್ಲಿ ಮರೆತುಬಿಡಬೇಡಿ. ವಿನೆಗರಿನ ಜೊತೆ ಹಣ್ಣಿನ ಚೂರನ್ನೂ ಹಾಕಿಟ್ಟು ಮರೆತ ಲೋಟವೊಂದರ ಒಳಗೋಡೆಯ ಮೇಲೆ ಕಂದು ಕಾಳುಗಳ ಸಾಲನ್ನು ನಾನು ಕಣ್ಣಾರೆ ಕಂಡಿದ್ದೇನೆ.